ಹೆಸರಿದ್ದ ಕಡೆ

ಹೆಸರಿದ್ದ ಕಡೆ ಈಗ ಸಾವಿರದ ಹದಿನೇಳು, ಎಂಟರ್ ಒತ್ತಿದ ಬೆರಳನ್ನು ಇನ್ನೂ ತೆಗೆದಿಲ್ಲ ನಾನು, ಇವರ ಒಂದೊಂದು ಫೈಲಿನ ಪಕ್ಕದಲ್ಲೂ ಇವರ ಹೆಸರಿತ್ತು, ಕಂಪ್ಯೂಟರಿನಿಂದ ಇವರ ಖಾತೆ ಅಳಿಸಿದ ಕೂಡಲೇ ಬರೀ ಅಂಕಿ — ಗೊತ್ತಿರಲಿಲ್ಲವೇ ನನಗೆ, ಯಂತ್ರಕ್ಕೆ ಯಾವತ್ತೂ ಗೊತ್ತಿರುವುದು ಅಂಕಿಯೇ, ಹೆಸರು ಎಟ್ಸಿ ಅನ್ನುವ ಫೋಲ್ಡರಿನೊಳಗಿನ ಒಂದು ಸಾಲು, ನಮ್ಮ ಸಮಾಧಾನಕ್ಕೆ, ಹೇಳಿಕೊಟ್ಟವರೂ ಇವರೇ, ಇದೇ ತಣ್ಣನೆಯ ಸರ್ವರ್ ಕೋಣೆಯಲ್ಲಿ, ಮದುವೆಗೂ ಮುಂಚೆ, ನೋಡಿ ಮೇಡಂ, ಎಲ್ಲದರ ಬುಡ ಒಂದು ಓರೆಗೀಟು, ಅದರ ಕೆಳಗೆ ಕೋಣೆಗಳ ಹಾಗೆ ಫೋಲ್ಡರುಗಳು, ಬಿನ್‌ನಲ್ಲಿ ದಿನಬಳಕೆ ಸಾಮಾನು, ಎಟ್ಸಿಯಲ್ಲಿ ಮನೆ ಕಟ್ಟಳೆ, ವಾರ್ ಅಂದ್ರೆ ಬೆಳೀತಾನೇ ಇರೋದು, ನಮ್ಮ ಸಾಹೇಬರ ಉಪದೇಶದ ಹಾಗೆ, ಟೆಂಪ್ ಅಂದ್ರೆ ಅಡುಗೆಕಟ್ಟೆ, ಏನು ಬಿಟ್ಟಿದ್ರೂ ಬೆಳಿಗ್ಗೆ ಒರೆಸಿಬಿಡ್ತಾರೆ, ಹೋಮ್ ಮಾತ್ರ ಅವರವರದು, ಕೇಳದೆ ಕೈ ಹಾಕಬಾರದು — ಮೇಡಂ ಹೋಗಿ ನೀವು ಆಗಿ, ನೀವು ಹೋಗಿ ಕಣೇ ಆಗಿ, ಈಗ ಕಣೇ ಅನ್ನುವವರೇ ಇಲ್ಲ, ಹಳೇ ಖಾತೆ ಅಳಿಸಿಬಿಡಿ ಮೇಡಂ, ಫೈಲುಗಳು ಬೇಕಿದ್ರೆ ಇರಲಿ ಅಂದರು ಸಾಹೇಬರು, ಮುಖ ನೋಡದೆ, ಬಾಗಿಲಲ್ಲಿ ಹೊಸ ಹುಡುಗಿ ಸ್ವೆಟರಿನ ತೋಳೊಳಗೆ ಕೈ ಎಳೆದುಕೊಂಡು ನಿಂತಿದ್ದಾಳೆ, ನನ್ನ ಖಾತೆ ಆಯ್ತಾ ಮೇಡಂ, ಆಗುತ್ತೆ ಕೂತ್ಕೊಳಮ್ಮ, ಈಗ ಮಾಡಿದರೆ ಯಂತ್ರ ಅವಳಿಗೆ ಇದೇ ಅಂಕಿ ಕೊಡುತ್ತದೆ, ಕೊನೆಯದು ಖಾಲಿಯಾಗಿದೆಯಲ್ಲ, ಇವರು ಎಲ್ಲರಿಗೂ ಖಾತೆ ಮಾಡಿಕೊಟ್ಟು ಕಡೆಗೆ ತಮ್ಮದು ಮಾಡಿಕೊಂಡಿದ್ದರು, ಊಟಕ್ಕೂ ಹಾಗೇ, ಎಲ್ಲರದೂ ಆದಮೇಲೆ ತಟ್ಟೆ, ಆ ಅಂಕಿ ಇವಳದಾದರೆ ಇವರ ಅರ್ಧ ಬರೆದ ಪ್ರೋಗ್ರಾಮು, ಬೇಸರ ಬಂದಾಗ ಗುನುಗಿ ರೆಕಾರ್ಡ್ ಮಾಡಿಟ್ಟ ಆ ಅಪಸ್ವರ, ಎಲ್ಲದರ ಪಕ್ಕ ಇವಳ ಹೆಸರು, ಏನೂ ಅರಿಯದ ಮಗು ಪಾಪ — ನನ್ನ ಹೆಸರಿಗೆ ಮಾಡಿಕೊಂಡರೆ, ಒಂದು ಸಾಲು ಟೈಪಿಸಿದರೆ ಸಾಕು, ಆದರೆ ಇವರು ಹೋದಮೇಲೆ ಮನೆಯಲ್ಲಿ ಬೀರುವಿನ ಕೆಳಗಿನ ಖಾನೆ, ಮಂಚದ ಗೋಡೆ ಕಡೆ, ಮೊದಲ ಲೋಟ ಕಾಫಿ, ಒಂದೊಂದೇ ನನ್ನ ಹೆಸರಿಗಾಯಿತು, ಇದೊಂದು ಬೇಡ, ಇದೊಂದು ಇವರದೇ ಇರಲಿ, ಹುಡುಗಿಯ ಅಂಕಿಯನ್ನು ಕೈಯಾರೆ ಟೈಪಿಸುತ್ತೇನೆ, ಸಾವಿರದ ಹದಿನೆಂಟು, ಇನ್ನು ಯಂತ್ರ ಅಲ್ಲಿಂದ ಮುಂದಕ್ಕೇ ಎಣಿಸುತ್ತದೆ, ಹಿಂದಿನದನ್ನು ಯಾರಿಗೂ ಕೊಡುವುದಿಲ್ಲ, ಹುಡುಗಿ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಾಳೆ, ಮಧ್ಯೆ ಒಂದು ನಂಬರ್ ಬಿಟ್ಟುಬಿಟ್ರಲ್ಲ ಮೇಡಂ, ಬಿಟ್ಟಿಲ್ಲಮ್ಮ, ಅಲ್ಲಿ ಒಬ್ಬರಿದ್ದಾರೆ, ಯಾರು ಮೇಡಂ — ಮತ್ತೆ ಇವರ ಹೋಮ್ ತೆರೆಯುತ್ತೇನೆ, ಕೇಳದೆ, ಹೆಸರಿದ್ದ ಕಡೆ ಸಾವಿರದ ಹದಿನೇಳು, ಅದರ ಕೆಳಗೆ ಸಾವಿರದ ಹದಿನೇಳು, ಸಾವಿರದ ಹದಿನೇಳು