ಬರೀ ಹಬೆ

ಹಂಸಾಳ ಮೂಗೆಂದರೆ ಆ ಮನೆಯಲ್ಲಿ ಎಲ್ಲರಿಗೂ ಭಯ. ಹಾಲು ಉಕ್ಕುವ ಮುಂಚೆಯೇ ಮಹಡಿಯಿಂದ ಕೂಗಿ ಹೇಳುವ ಹೆಂಗಸು ಅವಳು. ಹೀಗಿರುವಾಗ ಬ್ರಿಸ್ಬೇನಿನ ಫಾರೆಸ್ಟ್ ಲೇಕ್ ಬಡಾವಣೆಯ ತನ್ನ ಮನೆಯ ಬಚ್ಚಲಲ್ಲಿ ಮೂರು ವಾರದಿಂದ ಮಾವಿನಹಣ್ಣಿನ ವಾಸನೆ ಸುಳಿಯುತ್ತಿದ್ದರೆ, ಅದೂ ಮಾವೇ ಸಿಗದ ಆಗಸ್ಟ್ ತಿಂಗಳಲ್ಲಿ, ಅವಳು ಸುಮ್ಮನಿರುವುದು ಹೇಗೆ?

"ರೀ, ಮನೆಯೊಳಗೆ ಸೇದಲ್ಲ ಅಂತ ಮಾತು ಕೊಟ್ಟಿದ್ರಿ."

ಗಂಡ ದಿನೇಶ ಟೋಸ್ಟಿನ ಮೇಲೆ ಚಟ್ನಿಪುಡಿ ಉದುರಿಸುತ್ತಿದ್ದ. "ಗ್ಯಾರೇಜು ಬಿಟ್ಟು ಈಚೆ ಎಳೆದಿಲ್ಲ ಕಣೇ. ಅದೂ ಅಲ್ದೆ ನಂದು ಏಲಕ್ಕಿ. ಮಾವು ನಂಗಾಗಲ್ಲ."

"ಹಂಗಾದ್ರೆ ಮಾವು ಯಾರದು? ದೆವ್ವದ್ದಾ?"

"ಅಯ್ಯೋ ಬಿಡೇ ಅತ್ಲಾಗೆ," ಎಂದರು ಅತ್ತೆ ಇಂದಿರಮ್ಮ, ಕಾಫಿ ಲೋಟದಿಂದ ತಲೆಯೆತ್ತದೆ. "ಬೀಡಿನಾ, ಗಾಂಜಾನಾ? ಬರೀ ಹಬೆ. ನೆಗಡಿ ಬಂದ್ರೆ ನಾವು ತಗೊಳಲ್ವಾ? ಇವನಪ್ಪ ದಿನಕ್ಕೆರಡು ಪ್ಯಾಕು ಸಿಗರೇಟು ಸುಟ್ಟು ಐವತ್ತೆರಡಕ್ಕೇ ಹೋದ್ರು. ಇವನು ನೆಟ್ಟಗಿದಾನಲ್ಲ, ಅದಕ್ಕೆ ನಂಜುಂಡಪ್ಪಂಗೆ ಕೈ ಮುಗಿ."

ಈ ಹಬೆಯ ಕಥೆ ಶುರುವಾದದ್ದು ಆರು ವರ್ಷದ ಹಿಂದೆ, ಅವರು ಪರ್ತಿನಲ್ಲಿದ್ದಾಗ. ಸ್ವಾನ್ ವ್ಯಾಲಿಗೆ ಕನ್ನಡದವರೆಲ್ಲ ಪಿಕ್ನಿಕ್ ಹೋಗಿದ್ದಾಗ ದಿನೇಶ ಕಾರಿನ ಹಿಂದೆ ನಿಂತು ಕದ್ದು ಸಿಗರೇಟು ಸೇದುವುದನ್ನು ಚಾಮರಾಜ ಕಂಡ. ಚಾಮರಾಜ ಮೈಸೂರಿನವನು, ಎಲೆಕ್ಟ್ರಿಕಲ್ ಇಂಜಿನಿಯರು, ಎಲ್ಲರಿಗೂ ಅಣ್ಣ. ಯಾರ ಮನೆಯ ಸಾಮಾನು ಸಾಗಿಸಬೇಕಾದರೂ ಮೊದಲು ಬಂದು ನಿಲ್ಲುವವನು. ಬಾಯಲ್ಲಿದ್ದ ಸಿಗರೇಟು ಕಿತ್ತೆಸೆದು, ತನ್ನದೇ ಒಂದು ವೇಪನ್ನು, ಅಂದರೆ ಬ್ಯಾಟರಿಯಿಂದ ನಡೆಯುವ ಇ-ಸಿಗರೇಟನ್ನು, ದಿನೇಶನ ಕೈಗಿಟ್ಟು, "ಇವತ್ತಿಂದ ಇದು" ಎಂದ. ಹಂಸಾ ಅವತ್ತು ಅವನನ್ನು ಮನೆಗೆ ಕರೆದು ಹೋಳಿಗೆ ಊಟ ಹಾಕಿದ್ದಳು. ಅದನ್ನು ನೆನೆದರೆ ಈಗ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತದೆ.

ಎರಡೂ ಸಂಸಾರಗಳು ಬ್ರಿಸ್ಬೇನಿಗೆ ಬಂದ ಮೇಲೆ ಅದೊಂದು ಪದ್ಧತಿಯೇ ಆಗಿಹೋಯಿತು. ಶನಿವಾರ ಮಧ್ಯಾಹ್ನ ಚಾಮರಾಜನ ಗ್ಯಾರೇಜಿನಲ್ಲಿ ಗಂಡಸರ ಸಭೆ. ಊರಿನಿಂದ ಹೊಸಬ ಬಂದರೆ, ಅವನು ಸೇದುವವನೋ ಅಲ್ಲವೋ ಕೇಳದೆ, ಕೈಗೊಂದು ವೇಪು. ತಾಂಬೂಲ ಕೊಟ್ಟಂತೆ. ಆಮೇಲೆ ಚಾಮರಾಜನ ಪಾಠ: "ಹುಡುಗಿ ನೋಡೋ ಹಾಗೆ ಹೊರಗಡೆ ಬಣ್ಣ ನೋಡ್ಬೇಡ್ರೋ. ಒಳಗಿನ ಬ್ಯಾಟರಿ ಸೆಲ್ ನೋಡಿ. ಎಷ್ಟು ಎಂಎಎಚ್, ಎಷ್ಟು ಗಂಟೆ ತಡಿಯುತ್ತೆ, ಎಷ್ಟು ಬಿಸಿಯಾಗುತ್ತೆ." ಔಷಧಿ ಅಂಗಡಿ ಬಿಟ್ಟು ಬೇರೆ ಕಡೆ ಇದನ್ನು ಮಾರುವಂತಿಲ್ಲ ಎಂದು ಕಾನೂನು ಬಂದ ಮೇಲೂ ಗ್ಯಾರೇಜಿಗೆ ಮಾಲು ಬರುತ್ತಲೇ ಇತ್ತು. ಎಲ್ಲಿಂದ ಎಂದು ಕೇಳಿದರೆ, "ಅದೆಲ್ಲ ಹೆಂಗಸರಿಗೆ ಯಾಕಮ್ಮಾ" ಎಂದು ನಗುತ್ತಿದ್ದರು.

ಹಂಸಾ ಅಡಿಲೇಡಿನಲ್ಲಿದ್ದ ತಮ್ಮ ವರುಣನಿಗೆ ಫೋನು ಮಾಡಿದಳು. ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೆಯಲ್ಲಿ ನರ್ಸು ಅವನು, ಎದೆರೋಗದ ವಾರ್ಡಿನಲ್ಲಿ.

"ಡಾಕ್ಟ್ರು ಕೂತು ನೋಡಿ, ಸಿಗರೇಟು ಬಿಡೋಕೆ ಇಷ್ಟು ತಿಂಗಳು ವೇಪು ಅಂತ ಬರೆದುಕೊಟ್ರೆ ಅದೊಂದು ಮಾತು," ಎಂದ ವರುಣ. "ಭಾವ ಸಿಗರೇಟು ಬಿಟ್ಟಿಲ್ಲ ಅಕ್ಕಾ, ಪಾತ್ರೆ ಬದಲಾಯಿಸಿದಾರೆ ಅಷ್ಟೆ. ನಿಕೋಟಿನ್ನಿಗೆ ಏಲಕ್ಕಿ ಹಾಕಿದ್ರೆ ಪಾಯಸ ಆಗಲ್ಲ."

"ಇವರು ಸುಳ್ಳು ಹೇಳ್ತಿದಾರೆ ಅನ್ಸುತ್ತೆ ಕಣೋ."

"ಭಾವನೇ ಅಂತ ಹೆಂಗೆ ಹೇಳ್ತೀಯ?"

ಆ ಪ್ರಶ್ನೆ ಅವಳಿಗೆ ಹಿಡಿಸಲಿಲ್ಲ. ಫೋನಿಟ್ಟಳು.

ಅನುಮಾನ ಅನ್ನುವುದು ಗೆದ್ದಲಿನ ಹಾಗೆ, ಒಂದು ಬಾಗಿಲಿಗೆ ಹಿಡಿದರೆ ಮನೆಯೆಲ್ಲ ಹರಡುತ್ತದೆ. ಹಂಸಾ ಗಂಡನ ಶರ್ಟು ಮೂಸಿದಳು. ಕಾರಿನ ಡ್ಯಾಶು ತಡಕಿದಳು. ಅತ್ತ ದಿನೇಶನಿಗೆ ತನ್ನದೇ ಅನುಮಾನ: ವೇಪಿಗೆ ಹಾಕುವ ಬೆರಳುದ್ದದ ನಾಲ್ಕು ಸೆಲ್ಲುಗಳಲ್ಲಿ ಒಂದು ಕಾಣೆಯಾಗಿತ್ತು. "ನೀನು ಎಸೆದ್ಯಾ?" ಎಂದು ಅವನು, "ನೀವೇ ಎಲ್ಲೋ ಬಚ್ಚಿಟ್ಟಿದೀರಿ" ಎಂದು ಅವಳು. ಒಂದು ದಿನ ಮಗಳ ಶಾಲೆಯ ಚೀಲಕ್ಕೂ ಕೈಹಾಕಿದಳು. ಪುಸ್ತಕ, ಹೇರ್ ಬ್ಯಾಂಡು, ಅರ್ಧ ತಿಂದ ಮ್ಯೂಸ್ಲಿ ಬಾರು. ಛೆ, ಮಗುವಿನ ಮೇಲೂ ಸಂಶಯಪಟ್ಟೆನಲ್ಲ ಎಂದು ನಾಚಿ ಅವಳಿಗಿಷ್ಟದ ರವೆ ಉಂಡೆ ಕಟ್ಟಿಟ್ಟಳು. ಅದಿತಿಗೆ ಹದಿನೈದು. ಈಚೆಗೆ ಸಿಡುಕು ಜಾಸ್ತಿ, ಊಟ ಕಡಿಮೆ. ವಯಸ್ಸು ಎಂದುಕೊಂಡಿದ್ದರು.

ಸೋಮವಾರ ಬೆಳಿಗ್ಗೆ ಇಂದಿರಮ್ಮ ಎಂದಿನಂತೆ ದೇವರ ಗೂಡಿನ ಮುಂದೆ ಕೂತರು. ನಂಜುಂಡೇಶ್ವರನ ಮುಡಿಪು ಅಲ್ಲಿರುತ್ತಿತ್ತು, ಅರಿಸಿನದ ಬಟ್ಟೆಯ ಗಂಟು, ಸೋಮವಾರಕ್ಕೊಂದು ನಾಣ್ಯ. ಆ ಮನೆಯಲ್ಲಿ ಅವರ ಹೊರತು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ನಾಣ್ಯ ಹಾಕಲೆಂದು ಎತ್ತಿಕೊಂಡವರು ಒಂದು ಕ್ಷಣ ಬೆರಗಾಗಿ, "ಏನೇ ಹಂಸಾ, ಮುಡಿಪು ಬೆಚ್ಚಗಿದೆಯಲ್ಲೇ..." ಎನ್ನುವಷ್ಟರಲ್ಲಿ ಗಂಟು ಬುಸ್ಸೆಂದಿತು. ಬೆಂಕಿಯ ನಾಲಗೆ ಬಟ್ಟೆ ಸೀಳಿಕೊಂಡು ಬಂತು. ಮುದುಕಿಯ ಕೂಗಿಗೆ ಹಂಸಾ ಓಡಿಬಂದು ಇಕ್ಕಳದಿಂದ ಅದನ್ನು ಹಿಡಿದು ಹಿತ್ತಲ ಸಿಮೆಂಟಿನ ಮೇಲೆ ಎಸೆದಳು. ಅತ್ತೆಯ ಕೈಯನ್ನು ನಲ್ಲಿಯ ತಣ್ಣೀರಿಗೆ ಹಿಡಿದು ಇಪ್ಪತ್ತು ನಿಮಿಷ ಬಿಡಲಿಲ್ಲ. ವೃದ್ಧರ ಆರೈಕೆಯ ಕೆಲಸ ಅವಳದು, ಏನು ಮಾಡಬೇಕೆಂದು ಕೈಗೆ ಗೊತ್ತಿತ್ತು. ಮುದುಕಿಯ ಅಂಗೈ ಮಾತ್ರ ಬೆಂದುಹೋಗಿತ್ತು.

ಹಿತ್ತಲಲ್ಲಿ ಕರಿ ಹಿಡಿದ ನಾಣ್ಯಗಳ ನಡುವೆ ಬಿದ್ದಿತ್ತು ಕಾಣೆಯಾಗಿದ್ದ ಸೆಲ್ಲು. ಮೇಲಿನ ಪ್ಲಾಸ್ಟಿಕ್ ಹರಿದಿದ್ದ ಸೆಲ್ಲಿನ ಎರಡೂ ತುದಿಗೆ ನಾಣ್ಯಗಳು ಸೇತುವೆ ಕಟ್ಟಿ, ಶಾರ್ಟ್ ಆಗಿ ಬೆಂಕಿ ಹೊತ್ತಿತ್ತು.

"ದೇವರ ಗಂಟಲ್ಲಿ!" ಹಂಸಾ ಗಂಡನ ಕಡೆ ತಿರುಗಿದಳು. "ನಿಮಗೆ ಬೇರೆ ಜಾಗ ಸಿಗಲಿಲ್ವಾ?"

"ಅಮ್ಮನಾಣೆ ನಾನಲ್ಲ ಕಣೇ!"

"ಆಣೆ ಬೇರೆ!"

"ಇಟ್ ವಾಸ್ ಮೀ."

ಯೂನಿಫಾರಮ್ಮಿನಲ್ಲಿ ನಿಂತಿದ್ದಳು ಅದಿತಿ. ಪರ್ತಿನಿಂದ ತಂದಿದ್ದ ಅಪ್ಪನ ಹಳೆಯ ವೇಪು ಕಪಾಟಿನಲ್ಲಿ ಸಿಕ್ಕಿತ್ತಂತೆ, ಅದಕ್ಕೆ ಹಾಕುವ ಮಾವಿನ ದ್ರವ ಶಾಲೆಯಲ್ಲಿ ಯಾರೋ ಕೊಟ್ಟದ್ದಂತೆ. ಶಾಲೆಯಲ್ಲಿ ಚೀಲ ನೋಡುತ್ತಾರೆ, ಅಮ್ಮ ರೂಮು ನೋಡುತ್ತಾಳೆ, ಅಜ್ಜಿಯ ಮುಡಿಪನ್ನು ಯಾರೂ ಬಿಚ್ಚುವುದಿಲ್ಲ. ಅದಕ್ಕೇ ಆ ಬೆಳಿಗ್ಗೆಯೂ ಸೆಲ್ಲನ್ನು ಅಲ್ಲಿಟ್ಟಿದ್ದಳು.

"ಎಷ್ಟು ದಿನದಿಂದ?" ದಿನೇಶ ಕೇಳಿದ.

"ಲಾಸ್ಟ್ ಇಯರ್, ಇಯರ್ ನೈನಿಂದ, ಸ್ಕೂಲಲ್ಲಿ. ಮನೇಲಿ ಈಗ ಮೂರೇ ವೀಕ್." ಅವಳು ಅಜ್ಜಿಯ ಕೈ ನೋಡಿ ಅಳತೊಡಗಿದಳು. "ಸಾರಿ ಅಜ್ಜಿ. ಐ ಟ್ರೈಡ್. ಅದಿಲ್ದೆ ಎರಡು ಪೀರಿಯಡ್ ಕೂರಕ್ಕಾಗಲ್ಲ ನಂಗೆ, ಮೈಯೆಲ್ಲ ಉರಿಯುತ್ತೆ."

"ಇವತ್ತೇ ಬಿಡಬೇಕು. ಗೊತ್ತಾಯ್ತಾ?" ಎಂದ ಅಪ್ಪ.

"ಯೂ ಸ್ಟಾಪ್, ಐ ಸ್ಟಾಪ್. ಸೇಮ್ ಡೇ."

ದಿನೇಶ ಗ್ಯಾರೇಜಿಗೆ ಹೋದ. ಐದು ದಿನವೂ ಅಲ್ಲೇ ಸೇದಿದ. ಅದಿತಿ ಅಪ್ಪನ ಮುಖ ನೋಡುವುದನ್ನೇ ಬಿಟ್ಟಳು. ಓದುಗರೇ, ಬೆಂಕಿ ಕಂಡ ಮೇಲೂ ಬಿಡಲಾಗದಿದ್ದರೆ ಅದನ್ನು ಹಬೆ ಎನ್ನುವುದು ಹೇಗೆ?

ಶನಿವಾರ ಬೆಳಿಗ್ಗೆ ಚಾಮರಾಜ ಬಂದ. ಇಂದಿರಮ್ಮನಿಗೆ ಕಿತ್ತಳೆ ಹಣ್ಣು, ದಿನೇಶನಿಗೊಂದು ಡಬ್ಬಿ.

"ಕೇಳಿ ಹೊಟ್ಟೆ ಉರೀತು ಕಣಮ್ಮ. ನೋಡು ದಿನೇಶ, ತಪ್ಪು ವೇಪಿಂದಲ್ಲ, ಬಿಡಿ ಸೆಲ್ಲಿಂದು. ಇದರಲ್ಲಿ ಬ್ಯಾಟರಿ ಒಳಗೇ ಸೀಲ್. ಜೇಬಲ್ಲಿ ಇಟ್ಕೊಂಡು ಮಲಗು, ಏನೂ ಆಗಲ್ಲ."

ದಿನೇಶನ ಕೈ ಡಬ್ಬಿಯ ಕಡೆ ಚಾಚಿದ್ದನ್ನು ಹಂಸಾ ನೋಡಿದಳು.

"ಅಷ್ಟು ಒಳ್ಳೇದಾ ಅಣ್ಣ?"

"ಹಂಡ್ರೆಡ್ ಪರ್ಸೆಂಟ್."

"ಅದಿತಿ, ಬಾ ಇಲ್ಲಿ." ಮಗಳ ಭುಜ ಹಿಡಿದು ಅವನೆದುರು ನಿಲ್ಲಿಸಿದಳು. "ಇವಳಿಗೆ ಕೊಡಿ. ಇವರಿಗೆ ಕೊಟ್ಟ ಹಾಗೇ, ನಿಮ್ಮ ಕೈಯಾರೆ. ಯಾವ ಬ್ಯಾಟರಿ ಒಳ್ಳೇದು ಅಂತ ಪಾಠನೂ ಹೇಳಿ."

"ಏನು ಮಾತಮ್ಮ ಇದು! ಮಗು ಅದು."

"ಹಬೆಗೆ ವಯಸ್ಸೇನಣ್ಣ? ನೆಗಡಿ ಬಂದ್ರೆ ಹಸುಗೂಸಿಗೂ ಹಿಡೀತೀವಿ."

ಗ್ಯಾರೇಜಿನಲ್ಲಿ ಅಷ್ಟು ಜನಕ್ಕೆ ಹಂಚಿದ ಚಾಮರಾಜನ ಕೈ ಡಬ್ಬಿಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಿತು.

"ತಗೊಂಡ್ಹೋಗಪ್ಪ ಅದನ್ನ," ಎಂದರು ಇಂದಿರಮ್ಮ, ಪಟ್ಟಿ ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು. "ಹಣ್ಣು ಇರಲಿ. ನಾನೂ ತಿಳಿಗೇಡಿ, ಇವನಪ್ಪನ್ನ ಕಂಡಿದ್ದೂ ಬಾಯಿ ಮುಚ್ಕೊಂಡಿದ್ದೆ."

ಅವನು ಹೋದ ಮೇಲೆ ಹಂಸಾ ಕ್ಲಿನಿಕ್ಕಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದಳು. ನಿಕೋಟಿನ್ ಬಿಡಿಸಲು ಡಾಕ್ಟರನ್ನು ಕಾಣಬೇಕು ಎಂದಳು. ಬುಧವಾರ ನಾಲ್ಕು ಗಂಟೆಗೆ ಬನ್ನಿ, ರೋಗಿಯ ಹೆಸರು ಹೇಳಿ ಎಂದಿತು ಆ ಕಡೆಯ ದನಿ. ಅದಿತಿ ತಲೆ ತಗ್ಗಿಸಿಯೇ ತನ್ನ ಹೆಸರು ಹೇಳಿದಳು.

"ಒಬ್ಬರೇನಾ?" ದನಿ ಕೇಳಿತು.

ಹಂಸಾ ಫೋನನ್ನು ಮೇಜಿನ ನಡುವೆ ಇಟ್ಟಳು. ಇದು ತಾನು ಹೇಳಬೇಕಾದ ಉತ್ತರವಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಕಡೆ ಕೀಬೋರ್ಡಿನ ಸದ್ದು ನಿಂತು, "ಹಲೋ?" ಎಂದಿತು ಆ ದನಿ.

ದಿನೇಶ ಕುರ್ಚಿ ಎಳೆದುಕೊಂಡು ಫೋನಿನ ಹತ್ತಿರ ಕೂತ. ಈ ದೇಶದವರಿಗೆ ಸದಾ ಹೇಳುವಂತೆ ತನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಆಮೇಲೆ ಮಗಳ ಕಡೆ ನೋಡುತ್ತಾ, "ಇಬ್ಬರಿಗೂ ಒಂದೇ ದಿನ," ಎಂದ.