ಗಾರೆ ಹಾಕದ ಇಟ್ಟಿಗೆ

ಕೋದಂಡಪ್ಪನ ಉಗುರುಸಂದಿಯಲ್ಲಿ ಉಳಿದಿದ್ದ ಇಟ್ಟಿಗೆ ಪುಡಿಯನ್ನು ಹೆಂಡತಿ ಅಮ್ಮಾಜಮ್ಮ ಸೆರಗಿನ ತುದಿಯಿಂದ ತೆಗೆಯುತ್ತಿದ್ದಳು. ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಆ ಲೈನ್ ಮನೆಯ ಮುಂದೆ ಆಗಲೇ ಸಾವಿನ ತಮಟೆ ಶುರುವಾಗಿತ್ತು.

“ಗಣಿ ಮುಚ್ಚಿದ್ರೂ ಇವ್ನು ಮತ್ತೆ ಶಿಫ್ಟ್‌ಗೆ ಒಂಟವ್ನೆ,” ಎಂದ ಹಳೆಯ ಜೊತೆಗಾರ ಮುನಿಶಾಮಿ, ಕಣ್ಣೊರೆಸಿಕೊಳ್ಳುತ್ತ. “ಕೆಳಗೆ ಗಾಳಿ ಸಾಲ್ದು ಅಂತ ಜಗಳ ತೆಗೀಬ್ಯಾಡ ಕಣ್ಲಾ.”

ಅಳುತ್ತಿದ್ದವರೂ ನಕ್ಕರು.

ಶ್ಯಾಮಲಾ ಹಾರ ಹಾಕಿ ಹಿಂದೆ ಸರಿದಳು. ಬಂಗಾರಪೇಟೆ ಬಳಿಯ ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ನಕ್ಷೆ ಬರೆದವಳು ಅವಳು. ಕಟ್ಟಿದವನು ಗಣಿ ಮುಚ್ಚಿದ ಮೇಲೆ ಮೇಸ್ತ್ರಿಯಾದ ಕೋದಂಡಪ್ಪ. ಆಮೇಲೆ ಅವನು ಅಲ್ಲೇ ವಾಚ್‌ಮನ್ ಆದ, ಅಮ್ಮಾಜಮ್ಮ ಕಸ ಗುಡಿಸುವ ಕೆಲಸಕ್ಕೆ ಸೇರಿದಳು.

*

ಎಂಟು ವರ್ಷದ ಹಿಂದೆ, ಪ್ರತಿ ಕೋಣೆಯ ಬಾಗಿಲ ಮೇಲೂ ಶ್ಯಾಮಲಾ ಒಂದು ಕಿಂಡಿ ಬಿಡಿಸಿದ್ದಳು. ಕೋದಂಡಪ್ಪ ಬೀಡಿ ಹಚ್ಚಿ ಅದರ ಕೆಳಗೆ ನಿಂತ. ಹೊಗೆ ನೇರವಾಗಿ ಕಿಂಡಿಯೊಳಗೆ ನುಸುಳಿ ಹೋಯಿತು.

“ಬಂದ ಗಾಳಿಗೆ ಓಗಕ್ಕೂ ದಾರಿ ಬೇಕು ಮೇಡಮ್ಮ. ಗಣೀಲಿ ಕಲ್ತಿದ್ದು.”

ಪಾರಿವಾಳ ಗೂಡು ಕಟ್ಟುತ್ತವೆ, ಮುಚ್ಚಿಸಿ ಎಂದಿತು ಕಟ್ಟಡ ಸಮಿತಿ. ಎದುರಾಡಿದರೆ ಕೆಲಸ ಕೈತಪ್ಪೀತೆಂದು ಅವಳು ಒಪ್ಪಿ ಸಹಿ ಹಾಕಿದಳು. ಅವನ ಮುಖ ನೋಡಲಾಗಲಿಲ್ಲ.

“ಮುಚ್ತೀನಿ ಬಿಡಿ,” ಎಂದಿದ್ದ ಅವನು, ಅಷ್ಟೇ.

*

ಮಣ್ಣು ಮಾಡಿದ ಮೇಲೆ ಅಮ್ಮಾಜಮ್ಮ ಶ್ಯಾಮಲಾಳನ್ನು ಹಿತ್ತಲಿಗೆ ಕರೆದಳು.

“ಆ ಕಿಂಡಿ ಇಟ್ಟಿಗೆಗಳಿಗೆ ಗಾರೆನೇ ಆಕಿಲ್ಲ ಮೇಡಮ್ಮ. ಬ್ಯಾಸಿಗೇಲಿ ಇವ್ರು ತೆಗೀತಿದ್ರು, ಇಂಜಿನಿಯರ್ ಸಾಹೇಬ್ರು ನೋಡಕ್ಕೆ ಬತ್ತಾರೆ ಅಂದ್ರೆ ಮುಚ್ತಿದ್ರು. ನೆನ್ನೆ ಮುಚ್ತಾ ಇದ್ದಂಗೇ ಎದೆ ಹಿಡ್ಕೊಂಡ್ರು. ಇನ್ನಾ ಮೂರು ರೂಮು ಉಳ್ದವೆ. ಸಾಹೇಬ್ರು ಇವತ್ತೇ ಬತ್ತಾರಂತೆ. ಗೊತ್ತಾದ್ರೆ ಸಿಮೆಂಟ್ ಮೆತ್ತಿಸ್ತಾರೆ. ನನ್ ಕೆಲ್ಸಾನೂ...”

ಶ್ಯಾಮಲಾ ಕೈ ಚಾಚಿದಳು.

“ಕೀಲಿ ಕೊಡಿ.”

ಹಾಸ್ಟೆಲ್ಲಿನ ಹುಡುಗರೆಲ್ಲ ಪರೀಕ್ಷೆಗೆ ಹೋಗಿದ್ದರು. ಎರಡು ಕೋಣೆ ಮುಗಿಸಿ, ಮೂರನೆಯದರಲ್ಲಿ ಅವಳು ಸ್ಟೂಲ್ ಹತ್ತಿದಳು. ಕೊನೆಯ ಇಟ್ಟಿಗೆ ಕೈಯಲ್ಲಿದ್ದಾಗ ಕಿಟಕಿಯಿಂದ ಬಂದ ಗಾಳಿ ಬೆವೆತ ಕತ್ತನ್ನು ಸವರಿ ಕಿಂಡಿಯಲ್ಲಿ ಹೊರಟುಹೋಯಿತು. ಅದು ಪೂರ್ತಿ ಹೋಗಲೆಂಬಂತೆ ಒಂದು ಗಳಿಗೆ ಕಾದು, ಇಟ್ಟಿಗೆ ಕೂರಿಸಿದಳು. ಕೂದಲೆಳೆಯಷ್ಟೂ ಸಂದಿ ಉಳಿಯಲಿಲ್ಲ.

ಸ್ಟೂಲಿನಿಂದ ಇಳಿದು ಹೊರಗೆ ಬರುವಷ್ಟರಲ್ಲಿ ಇಂಜಿನಿಯರ್ ಸುಧಾಕರ್ ಮೆಟ್ಟಿಲು ಹತ್ತಿ ಬಂದ.

“ನೀವೂ ಬಂದಿದ್ದೀರಾ ಮೇಡಂ? ಪಾಪ, ಒಳ್ಳೆ ಮನುಷ್ಯ. ಕಿಂಡಿ ಎಲ್ಲ ಮುಚ್ಚೇ ಇವೆ ತಾನೇ?”

“ಮುಚ್ಚಿವೆ.”

ಅವನು ಕೈಯಲ್ಲಿದ್ದ ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಮುಂದೆ ನಡೆದ. ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿದ ಶ್ಯಾಮಲಾ, ಕೆಂಪು ಪುಡಿ ಮೆತ್ತಿದ ಉಗುರುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.