ತಮ್ಮ ಪ್ಲಾಟ್ ಕೊಳ್ಳಲು ಹೋದದ್ದು

ನನ್ನ ತಮ್ಮ ಅನೀಲಕುಮಾರ ಬೀದರಿನ ಒಂದು ಕಾಲೇಜಿನಲ್ಲಿ ಗುಮಾಸ್ತ. ಮೂರು ತಿಂಗಳು ಮೊಬೈಲಿನಲ್ಲಿ ವಿಡಿಯೋ ನೋಡಿ ರಿಯಲ್ ಎಸ್ಟೇಟ್ ಪಂಡಿತನಾದ. ಬದು ಯಾವುದು, ಹಳ್ಳ ಯಾವುದು ಗೊತ್ತಿಲ್ಲದವನು ಹೊಲ ಉಳುವ ನನಗೇ ಭೂಮಿಯ ಪಾಠ ಹೇಳತೊಡಗಿದ.

ಅವನ ಹೆಂಡತಿ ಮನಿಷಾಳಿಗೆ ಅವಳ ತಾಯಿ ಕೊಟ್ಟ ಎರಡು ಖೋಲಿಯ ಮನೆ ಭಾಲ್ಕಿಯಲ್ಲಿದೆ. ಒಂದು ಖೋಲಿಯಲ್ಲಿ ಮಕ್ಬೂಲ ಟೇಲರ್ ಹನ್ನೊಂದು ವರ್ಷದಿಂದ ಇದ್ದಾನೆ. ಒಂದು ತಿಂಗಳ ಬಾಡಿಗೆಯೂ ತಪ್ಪಿಸಿಲ್ಲ. ಆ ಮನೆ ಮಾರಿ ಔರಾದ ತಾಲೂಕಿನ ಎಕಂಬಾ ಹತ್ತಿರ ನಾಲ್ಕು ಪ್ಲಾಟ್ ಹಿಡಿಯಬೇಕೆಂದು ಪಂಡಿತನ ಹಟ. ಮನೆಗೆ ಫಕ್ರೋದ್ದೀನ ಎಂಬ ಗಿರಾಕಿ ಸಿಕ್ಕಿದ್ದ. ಸೋಮವಾರ ರಿಜಿಸ್ಟ್ರಿ. ಭಾನುವಾರವೇ ಪ್ಲಾಟಿಗೆ ಬಯಾನಾ, ಅಂದರೆ ಮುಂಗಡ, ಕೊಡಲು ಏಜೆಂಟ್ ಮಾಣಿಕನ ಜೀಪಿನಲ್ಲಿ ಹೊರಟೆವು. ಮನಿಷಾಳೂ ಜೊತೆಗಿದ್ದಳು.

ಸೊಂಟದೆತ್ತರ ತೊಗರಿಯ ನಡುವೆ ಸುಣ್ಣ ಬಳಿದ ಕಲ್ಲುಗಳು. ಮಾಣಿಕ ಬಿಳಿ ಅಂಗಿಯ ತೋಳೆತ್ತಿ ತೋರಿಸಿದ.

"ಇದು ನಲವತ್ತು ಫೂಟ್ ರಸ್ತಾ ಸರ್. ಅದು ಗಾರ್ಡನ್."

ಗಾರ್ಡನ್ನಿನಲ್ಲಿ ಒಂದು ಎಮ್ಮೆ ನಿಂತಿತ್ತು.

"ಪಹಣಿ ತೋರಸು," ಎಂದೆ.

"ಬಯಾನಾ ಆದ ಮ್ಯಾಗ ಎಲ್ಲಾ ಫೈಲ್ ಕೊಡ್ತೇವ್ರಿ ಕಾಕಾ."

"ಎಮ್ಮಿ ತೋರಸ್ದೆ ಹಾಲಿಗಿ ರೊಕ್ಕ ಕೇಳ್ತಿಯೇನೋ?"

"ಅಣ್ಣಾ, ಸುಮ್ಮಿರು! ನಿನಗ ಇನ್ವೆಸ್ಟಮೆಂಟ್ ತಿಳಿಯಂಗಿಲ್ಲ," ಎಂದ ತಮ್ಮ. ಒಂದು ಕಲ್ಲಿನ ಮೇಲೆ ಕಾಲಿಟ್ಟು ಫೋಟೋ ತೆಗೆದುಕೊಂಡು ಸ್ಟೇಟಸ್ ಹಾಕಿದ. ಹುಲಿ ಹೊಡೆದ ನವಾಬ!

ಅಷ್ಟರಲ್ಲಿ ಮನಿಷಾ ತೊಗರಿಯಲ್ಲಿ ಕಳೆ ಕೀಳುತ್ತಿದ್ದ ಮುದುಕಿಯ ಹತ್ತಿರ ಹೋಗಿದ್ದಳು.

"ಜೈ ಭೀಮ ಅವ್ವಾ. ಈ ಹೊಲ ಯಾರದು?"

"ನಂದೇ ಅದ ಮಗಳೇ. ಸುಭದ್ರಾಬಾಯಿ ಅಂತಾರ ನನಗ. ಮಾವಗ ಸರ್ಕಾರ ಕೊಟ್ಟ ಭೂಮಿ. ಸರ್ಕಾರದ ಪರವಾನಗಿ ಇಲ್ದೆ ಮಾರಲಾಕ ಬರಲ್ಲ. ಯಾಕ?"

"ಮತ್ತ ಈ ಕಲ್ಲು?"

"ರಸ್ತಾ ಅಳತಿ ಅಂತ್ಹೇಳಿ ಹುಗದು ಹೋಗ್ಯಾರ. ಅವನೇ, ಆ ಬಿಳಿ ಅಂಗಿಯಾವ."

ಮಾಣಿಕ ಓಡಿ ಬಂದ. "ಇವರ ಮಗ ಸಹಿ ಮಾಡ್ಯಾನ್ರಿ ಮೇಡಂ!"

ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಳು. "ಅವನಾ? ಒಂದು ಕ್ವಾರ್ಟರ್ ಕುಡಸ್ರಿ, ಬೀದರ ಕಿಲ್ಲಾನೂ ಬರದು ಕೊಡ್ತಾನ!"

ಇನ್ನಾದರೂ ನನ್ನ ತಮ್ಮನಿಗೆ ಬುದ್ಧಿ ಬಂದೀತು ಎಂದುಕೊಂಡೆ. ಪಂಡಿತ ಮಾಣಿಕನನ್ನೇ ಕೇಳಿದ: "ಆ ಪರವಾನಗಿ ಎಷ್ಟು ದಿನದಾಗ ಬರ್ತದ್ರಿ?"

ತಮ್ಮನ ಕಪಾಳಕ್ಕೆ ಬಿಡಲು ಕೈ ಎತ್ತಿದೆ. ಅಷ್ಟರಲ್ಲಿ ಮನಿಷಾ ಫೋನ್ ಕಿವಿಗೆ ಹಚ್ಚಿದ್ದಳು.

"ಫಕ್ರೋದ್ದೀನ ಭಾಯಿ, ನಾಳಿ ಬರಬ್ಯಾಡ್ರಿ. ಮನಿ ಮಾರಂಗಿಲ್ಲ. ಹೌದ್ರಿ, ಹೆಸರು ನಂದದ, ನಾನೇ ಹೇಳ್ಲಿಕತ್ತೀನಿ."

ತಮ್ಮ ಬಿಳಿಚಿಕೊಂಡ. "ಏ, ಕಾಲೇಜಿನ್ಯಾಗ ನನ್ನ ಮರ್ಯಾದಿ ಏನಾಗ್ಬೇಕು? ಸ್ಟೇಟಸ್ ಹಾಕೀನಿ!"

"ತೆಗೀರಿ. ಎರಡು ಸಲ ಒತ್ತಿದರ ಅದು ಹೋಗ್ತದ. ಮನಿ ಹೋದರ ತಿರುಗಿ ಬರಲ್ಲ."

ಬರುವಾಗ ಸರ್ ಸರ್ ಎನ್ನುತ್ತಿದ್ದ ಮಾಣಿಕನಿಗೆ ತಟ್ಟನೆ ಬೇರೆ ಕೆಲಸ ನೆನಪಾಯಿತು. ಜೀಪು ಹತ್ತಿ ಒಬ್ಬನೇ ಹೋದ. ನಾವು ಕಪ್ಪು ಕೆಸರು ತುಳಿಯುತ್ತ ಎಕಂಬಾದ ಬಸ್ಸಿಗೆ ನಡೆದೆವು, ಮನಿಷಾ ಎಲ್ಲರಿಗಿಂತ ಮುಂದೆ. ಪಂಡಿತನ ಬೂಟು ಕೆಸರಿನಲ್ಲಿ ಸಿಕ್ಕಿಬಿದ್ದಿತ್ತು.

"ನಿಲ್ರಿ, ಬರ್ತೇನಿ!" ಎಂದು ಹಿಂದಿನಿಂದ ಕೂಗಿದ.

ನಾವು ನಿಲ್ಲಲಿಲ್ಲ.